ಅಧ್ಯಕ್ಷರಿಲ್ಲದ ಕಡೆ ಆಡುವ ಮಾತು

(ಬಿ.ಇಡಿ. ಪ್ರಶಿಕ್ಷಣಾರ್ಥಿಗಳಿಗೆ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಬಾಗಿಲಲ್ಲಿ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟಿದ್ದಾರೆ. ಈಚೆಗೆ ಯಾರಿಗೋ ಹೇಳಬೇಕೆಂದು ಹೊರಟು, ಗಂಟಲವರೆಗೆ ಬಂದು, ನೀವು ನುಂಗಿಕೊಂಡ ಒಂದು ಮಾತನ್ನು ಅದರಲ್ಲಿ ಬರೆಯಿರಿ. ಒಂದು ಸಾಲು ಸಾಕು. ನನಗೆ ಕೊಡಬೇಡಿ, ಪಕ್ಕದವರಿಗೂ ತೋರಿಸಬೇಡಿ. ಮಡಚಿ ಇಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತದೆ.

ನೀವು ಬರೆಯುವಷ್ಟರಲ್ಲಿ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ನಾನು ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಈ ಹುಡುಗಿ ಒಂಬತ್ತನೆಯ ತರಗತಿಯಲ್ಲಿದ್ದಳು. ವರದಕ್ಷಿಣೆಯ ವಿರುದ್ಧ ಮಾತಾಡಿ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದಳು. ಭಾಷಣ ಬರೆದುಕೊಟ್ಟವಳು ನಾನೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆ, ಕೊಡುವುದೂ ಅಪರಾಧ ತೆಗೆದುಕೊಳ್ಳುವುದೂ ಅಪರಾಧ, ಎಲ್ಲವೂ ಅವಳಿಗೆ ಬಾಯಿಪಾಠ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಕೈ ಎತ್ತಬೇಕು ಎಂಬುದನ್ನೂ ಹೇಳಿಕೊಟ್ಟಿದ್ದೆ. ಅದೇ ಬೇಸಿಗೆಯಲ್ಲಿ ಅವಳ ಅಕ್ಕನ ಮದುವೆಯ ಮಾತುಕತೆ ನಡೆಯಿತು. ಜಗಲಿಯಲ್ಲಿ ಚಾಪೆ ಹಾಸಿ, ಹುಡುಗನಿಗೆ ಬೈಕ್ ಯಾವುದು, ಕೈಗೆ ಎಷ್ಟು ಎಂದು ಹಿರಿಯರು ಮಾತಾಡುವಾಗ ಕಾಫಿಯ ತಟ್ಟೆ ಹಿಡಿದು ನಿಂತಿದ್ದವಳು ಇವಳೇ. ಶಾಲೆ ಮತ್ತೆ ತೆರೆದಾಗ ನಾನು ಕೇಳಿದೆ: 'ನೀನು ಏನೂ ಹೇಳಲಿಲ್ಲವೇನೇ?' ಅವಳು ಯೋಚಿಸಿ ಹೇಳಿದಳು: 'ಹೇಗೆ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ ಮೇಡಂ. ಅಲ್ಲಿ ಮಾನ್ಯ ಅಧ್ಯಕ್ಷರು ಇರಲಿಲ್ಲ.'

ನೀವು ನಗುತ್ತಿದ್ದೀರಿ. ನಾನೂ ಅಂದು ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಚರ್ಚಾಸ್ಪರ್ಧೆಯನ್ನು ನಾನು ಹಳಿಯುತ್ತಿಲ್ಲ. ಸಭಾಕಂಪನ ಹೋಗಲು ಅದು ಒಳ್ಳೆಯ ಔಷಧಿ. ಆದರೆ ಅದರಲ್ಲಿ ಚರ್ಚೆ ಎಲ್ಲಿದೆ ಹೇಳಿ. ಪರ ಇರುವವನು ಪರ ಮಾತಾಡುತ್ತಾನೆ, ವಿರೋಧ ಇರುವವನು ವಿರೋಧ ಮಾತಾಡುತ್ತಾನೆ, ಗಂಟೆ ಹೊಡೆಯುತ್ತದೆ, ಇಳಿದು ಬರುತ್ತಾರೆ. ಎದುರಿನವನು ಮಾತಾಡುವಾಗ ಇವನು ತನ್ನ ಸರದಿಗಾಗಿ ತುಟಿ ಅಲುಗಿಸುತ್ತ ಉರು ಹೊಡೆಯುತ್ತಿರುತ್ತಾನೆ. ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ. ನಿರ್ಣಾಯಕರ ಹಾಳೆಯಲ್ಲಿ ವಿಷಯಕ್ಕೆ, ಶೈಲಿಗೆ, ಉಚ್ಚಾರಕ್ಕೆ ಅಂಕವಿದೆ. ಎದುರಿನವನ ಮಾತು ಕೇಳಿ ತನ್ನ ಮಾತು ಬದಲಿಸಿಕೊಂಡದ್ದಕ್ಕೆ ಅಂಕವಿರುವ ಹಾಳೆಯನ್ನು ನನ್ನ ನೌಕರಿಯಲ್ಲಿ ನಾನು ನೋಡಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಎಲ್ಲ ಶಾಲೆಗಳ ಗೋಡೆಯ ಮೇಲೂ ಬರೆಸುತ್ತೇವೆ. ಊಟವನ್ನಾದರೆ ಮಕ್ಕಳು ದಿನಕ್ಕೆ ಮೂರು ಹೊತ್ತು ಅಭ್ಯಾಸ ಮಾಡುತ್ತಾರೆ. ಮಾತು? ಮನೆಯಲ್ಲಿ ದೊಡ್ಡವರ ಮಧ್ಯೆ ಬಾಯಿ ಹಾಕಬೇಡ ಎನ್ನುತ್ತೇವೆ, ತರಗತಿಯಲ್ಲಿ ಗಲಾಟೆ ಮಾಡಬೇಡಿ ಎನ್ನುತ್ತೇವೆ. ಆಮೇಲೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಅಪ್ಪನಿಗೆ, ಅತ್ತೆಗೆ, ಮೇಲಧಿಕಾರಿಗೆ ಕಷ್ಟದ ಮಾತನ್ನು ಹದವಾಗಿ ಹೇಳು ಎನ್ನುತ್ತೇವೆ. ಎಲ್ಲಿ ಕಲಿತಿರುತ್ತಾನೆ?

ನನಗೆ ದಾರಿ ಕಂಡದ್ದು ಒಂದು ತಾಳಮದ್ದಳೆಯಲ್ಲಿ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಬಯಲುಸೀಮೆಯವರು ಇಲ್ಲಿದ್ದೀರಿ ಎಂದು ಹೇಳುತ್ತಿದ್ದೇನೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ. ಆಗ ದೇವಸ್ಥಾನದ ಚಂದ್ರಶಾಲೆಯಲ್ಲೋ ಯಾರದಾದರೂ ಮನೆಯ ಅಂಗಳದ ಚಪ್ಪರದಲ್ಲೋ ತಾಳಮದ್ದಳೆ ಇಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದದ ಜಾಡು ಹಿಡಿದು ವಾದಕ್ಕೆ ಇಳಿಯುತ್ತಾರೆ. ಕೈಯಲ್ಲಿ ಬರೆದುಕೊಂಡ ಮಾತಿಲ್ಲ. ಎದುರಿನವರು ಕೇಳಿದ್ದಕ್ಕೆ ಉತ್ತರ ಹೇಳಲೇಬೇಕು, ತಪ್ಪಿಸಿಕೊಂಡರೆ ಕೂತವರಿಗೆ ಗೊತ್ತಾಗುತ್ತದೆ.

ಆ ರಾತ್ರಿ ವಾಲಿವಧೆ ಪ್ರಸಂಗ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಏಕೆ ಹೊಡೆದೆ? ನನಗೂ ನಿನಗೂ ಏನು ವೈರ? ವಾಲಿಯ ಅರ್ಥ ಹೇಳಿದ ಹಿರಿಯರು ಆ ಪ್ರಶ್ನೆಯನ್ನು ಹೇಗೆ ಕೇಳಿದರೆಂದರೆ, ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ರಾಮನ ಮೇಲೆ ಸಿಟ್ಟಾಗಿ ಎಲೆಯಡಿಕೆಯ ಸಂಚಿಯನ್ನು ನೆಲಕ್ಕೆ ಬಡಿದರು. ಮೂರು ವಾರ ಕಳೆದು ಬೇರೊಂದು ಊರಿನಲ್ಲಿ ಅದೇ ಪ್ರಸಂಗ. ಹೋಗಿ ನೋಡಿದರೆ ಅದೇ ಹಿರಿಯರು ರಾಮನ ಕಡೆ ಕುಳಿತಿದ್ದಾರೆ! ಮೊನ್ನೆ ತಾವೇ ಕೇಳಿದ ಪ್ರಶ್ನೆಗೆ ಇಂದು ತಾವೇ ಉತ್ತರ ಕೊಡಬೇಕು. ಕೊಟ್ಟರು. ಬೇರೆ ರಾಮಂದಿರಿಗಿಂತ ಚೆನ್ನಾಗಿಯೇ ಕೊಟ್ಟರು. ವಾಲಿಯ ನೋವನ್ನು ತಳ್ಳಿಹಾಕಲಿಲ್ಲ, ಮೊದಲು ಅದನ್ನು ಒಪ್ಪಿಕೊಂಡು ಆಮೇಲೆ ತಮ್ಮ ಮಾತು ಶುರು ಮಾಡಿದರು. ಬಾಣ ಎಲ್ಲಿ ನಾಟಿದೆ ಎಂಬುದು ಅವರಿಗೆ ಗೊತ್ತಿತ್ತಲ್ಲ.

ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಎಂಬ ಸಹೋದರರು ಹೆಚ್ಚುಕಡಿಮೆ ಇದನ್ನೇ ತರಗತಿಗೆ ಇಳಿಸಿದ್ದಾರೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಾಲ್ಕು ಮಕ್ಕಳ ಗುಂಪು, ಎರಡು ಜೋಡಿ. ಒಂದು ಜೋಡಿ ಪರ, ಇನ್ನೊಂದು ವಿರೋಧ. ವಾದ ಮುಗಿದ ಮೇಲೆ ಜೋಡಿಗಳು ಪಕ್ಷ ಬದಲಿಸಿ ಎದುರಿನವರ ವಾದವನ್ನು ತಮ್ಮದೆಂಬಂತೆ ಹೇಳಬೇಕು. ಕೊನೆಗೆ ಎರಡೂ ಪಕ್ಷ ಬಿಟ್ಟು, ನಾಲ್ವರೂ ಸೇರಿ ತಾವು ಒಪ್ಪಬಹುದಾದದ್ದನ್ನು ಬರೆಯಬೇಕು. ಅಲ್ಲಿ ಗೆಲ್ಲುವವರಿಲ್ಲ. ನನಗೆ ಇದು ಹೊಸತೆನಿಸಲಿಲ್ಲ. ನಮ್ಮ ಚಂದ್ರಶಾಲೆಗಳಲ್ಲಿ ಮಳೆ ಸುರಿಯುವಾಗ ನಡೆಯುತ್ತಿದ್ದದ್ದೇ ಅದು, ಕೊನೆಯ ಹೆಜ್ಜೆಯೊಂದನ್ನು ಬಿಟ್ಟು.

ಇಷ್ಟು ಉತ್ಸಾಹದಲ್ಲಿ ತರಗತಿಗೆ ಹೋದೆ. ಹೋಗಿ ದೊಡ್ಡ ತಪ್ಪು ಮಾಡಿದೆ. ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡುವ ಸಾಧ್ಯತೆ ಹೆಚ್ಚು.

ಹತ್ತನೆಯ ತರಗತಿ, ಸಂವಿಧಾನದ ಪಾಠ. ಕಪ್ಪುಹಲಗೆಯ ಮೇಲೆ 'ಮೀಸಲಾತಿ ಬೇಕೇ, ಬೇಡವೇ?' ಎಂದು ಬರೆದೆ. ಎಡಗಡೆಯ ಬೆಂಚಿನವರು ಬೇಕು, ಬಲಗಡೆಯವರು ಬೇಡ ಎಂದು ಹಂಚಿದೆ. ಮಕ್ಕಳು ಚುರುಕಾಗಿಯೇ ಮಾತಾಡಿದರು. ಮನೆಯಲ್ಲಿ ಕೇಳಿದ್ದನ್ನೆಲ್ಲ ತಂದು ಸುರಿದರು. ನನಗೆ ಖುಷಿ, ತರಗತಿಗೆ ಜೀವ ಬಂದಿದೆ ಎಂದು. ಬಲಗಡೆಯ ಮೂರನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಸರದಿ ಬಂದಾಗ ಎದ್ದು ನಿಂತಳು, ಏನೂ ಹೇಳಲಿಲ್ಲ, ಕುಳಿತಳು. ಗಂಟೆ ಹೊಡೆದ ಮೇಲೆ ತಿಳಿಯಿತು. ನಾನು ಅವಳನ್ನು 'ಬೇಡ' ಎಂದು ವಾದಿಸುವ ಕಡೆ ಕೂರಿಸಿದ್ದೆ. ನಲವತ್ತು ನಿಮಿಷ ಅವಳು, ತನಗೆ ಈ ಬೆಂಚಿನಲ್ಲಿ ಕೂರುವ ಯೋಗ್ಯತೆ ಇದೆಯೋ ಇಲ್ಲವೋ ಎಂದು ತನ್ನ ಗೆಳತಿಯರು ತೂಗುವುದನ್ನು ಕೇಳಿದ್ದಳು.

ಒಬ್ಬರ ಘನತೆ ಇನ್ನೊಬ್ಬರ ವಾದದ ವಸ್ತುವಾಗಬಾರದು. ಇದನ್ನು ನನಗೆ ಯಾವ ತರಬೇತಿಯೂ ಹೇಳಿರಲಿಲ್ಲ. ಕೆಲವು ಪ್ರಶ್ನೆಗಳು ಮುಚ್ಚಿದ ಪ್ರಶ್ನೆಗಳು. ಅಸ್ಪೃಶ್ಯತೆ ಸರಿಯೇ ತಪ್ಪೇ ಎಂಬುದಕ್ಕೆ ಸಂವಿಧಾನದ 17ನೆಯ ವಿಧಿ ಉತ್ತರ ಹೇಳಿಯಾಗಿದೆ, ಅದನ್ನು ಪರ–ವಿರೋಧಕ್ಕೆ ಇಡುವುದು ಅವಿವೇಕ. ಕೆಲವು ತೆರೆದ ಪ್ರಶ್ನೆಗಳು: ನಮ್ಮ ಶಾಲೆಯ ನೀರಿನ ಟ್ಯಾಂಕಿನ ಬಳಿ ಯಾರು ಮೊದಲು ನಿಲ್ಲುತ್ತಾರೆ, ಏಕೆ? ಮೀಸಲಾತಿಯಂಥ ವಿಷಯದಲ್ಲೂ ತೆರೆದ ಪ್ರಶ್ನೆಗಳಿವೆ, ಆದರೆ ಅವು 'ಬೇಕೇ ಬೇಡವೇ' ಎಂಬ ರೂಪದಲ್ಲಿ ಇರುವುದಿಲ್ಲ. ಚರ್ಚೆಗೆ ಇಳಿಸುವ ಮೊದಲು ಆ ಪ್ರಶ್ನೆಯನ್ನು ತರಗತಿಯ ಒಂದೊಂದು ಬೆಂಚಿನಲ್ಲಿ ಕುಳಿತು ಓದಿ ನೋಡಿ. ಯಾವ ಬೆಂಚಿನಿಂದ ಓದಿದಾಗ ಅದು ಚುಚ್ಚುತ್ತದೆ? ಚುಚ್ಚಿದರೆ ಪ್ರಶ್ನೆಯನ್ನು ತಿರುಗಿಸಿ ಬರೆಯಿರಿ.

ಮರುದಿನ ನಾನು ಕ್ಷಮೆ ಕೇಳಬೇಕಿತ್ತು. ರಾತ್ರಿ ಹಾಳೆಯ ಮೇಲೆ 'ನಿನ್ನೆ ತಪ್ಪಾಯಿತು' ಎಂದು ಬರೆದುಕೊಂಡಿದ್ದೆ. ಬೆಳಿಗ್ಗೆ ಓದಿದಾಗ ಸರಿಯೆನಿಸಲಿಲ್ಲ. ತಪ್ಪು ತಾನಾಗಿ ಆಯಿತೇ? ಮಳೆ ಬಂದ ಹಾಗೆ? ಹೊಡೆದು ಹಾಕಿ 'ನಿನ್ನೆ ನಾನು ತಪ್ಪು ಮಾಡಿದೆ' ಎಂದು ಬರೆದೆ. ಇಡೀ ತರಗತಿಯ ಮುಂದೆ ಅದನ್ನೇ ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ, ಪ್ರಶ್ನೆಯನ್ನು ಕೇಳಿದ ರೀತಿ ತಪ್ಪು ಎಂದಷ್ಟೇ ಹೇಳಿದೆ. ಕಾಲು ನಡುಗುತ್ತಿತ್ತು. ಆ ಹುಡುಗಿ ಏನಾದರೂ ಹೇಳುತ್ತಾಳೆ ಎಂದು ನಾನು ಕಾದಿದ್ದೆ. ಏನೂ ಹೇಳಲಿಲ್ಲ. ಹೇಳಬೇಕಾದ ಸಾಲವೇನೂ ಅವಳಿಗಿರಲಿಲ್ಲ.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಸ್ವಲ್ಪ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾನು ಕನ್ನಡ ಪಂಡಿತಳಲ್ಲ, ಇದು ಬರೀ ಜಗಳ ಬಿಡಿಸಿದ ಅನುಭವ. 'ನೀನು ನನಗೆ ಅವಮಾನ ಮಾಡಿದೆ' ಎಂದು ನೋಡಿ. ಎದುರಿನವನು ತಕ್ಷಣ 'ನಾನೆಲ್ಲಿ ಮಾಡಿದೆ?' ಎನ್ನುತ್ತಾನೆ, ಸಾಕ್ಷಿ ಕೇಳುತ್ತಾನೆ, ಕೋರ್ಟು ಶುರುವಾಗುತ್ತದೆ. 'ನನಗೆ ಅವಮಾನವಾಯಿತು' ಎಂದು ನೋಡಿ. 'ಇಲ್ಲ, ನಿನಗೆ ಆಗಲಿಲ್ಲ' ಎನ್ನುವುದು ಸುಲಭವಲ್ಲ. ಕನ್ನಡದಲ್ಲಿ ಸಿಟ್ಟು, ನೋವು, ಬೇಸರ, ನಾಚಿಕೆ ಎಲ್ಲವೂ ನಮಗೆ 'ಆಗುವ', 'ಬರುವ' ಸಂಗತಿಗಳು. ನಮ್ಮ ಅಜ್ಜಿಯರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಹಾಗಾಗಿ ಮಕ್ಕಳಿಗೆ ನಾನು ಕೊಟ್ಟ ಸೂತ್ರ ಒಂದೇ: ನೋವು ಹೇಳುವಾಗ 'ಆಯಿತು', ತಪ್ಪು ಒಪ್ಪುವಾಗ 'ಮಾಡಿದೆ'. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ಉಲ್ಟಾ.

ಇನ್ನೊಂದು, 'ನೀವು'. ಬಹುವಚನ ಗೌರವಕ್ಕೆ ಎಂದು ಕಲಿಸುತ್ತೇವೆ. ಆದರೆ 'ನೀನು, ಹೋಗೋ, ಬಾರೋ' ಎನ್ನುತ್ತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಇದ್ದಕ್ಕಿದ್ದಂತೆ 'ನೀವು ಬಿಡಿ, ದೊಡ್ಡವರು' ಎಂದರೆ ಬೆಂಕಿ ಹತ್ತಿತು ಎಂದೇ ತಿಳಿಯಿರಿ. ಮದುವೆಯಾದವರು ಇಲ್ಲಿ ಕೆಲವರಿದ್ದೀರಿ, ನಿಮಗೆ ಹೇಳಬೇಕಿಲ್ಲ. ಮೂರನೆಯದು ನನ್ನ ಮೆಚ್ಚಿನದು, 'ಅಂತೆ'. 'ಅವರ ಮನೆಯವರು ಹೀಗಂತೆ', 'ಆ ಜನ ಹಾಗಂತೆ'. ಒಬ್ಬ ಹುಡುಗ ಒಂದು ಚರ್ಚೆಯಲ್ಲಿ ಏಳು ಬಾರಿ 'ಅಂತೆ' ಎಂದ. ಎಣಿಸಿದ್ದು ನಾನಲ್ಲ, ಅವನ ಪಕ್ಕದವಳು. ಅಂದಿನಿಂದ ನಮ್ಮ ತರಗತಿಯಲ್ಲಿ ಯಾರಾದರೂ 'ಅಂತೆ' ಎಂದರೆ ಉಳಿದವರು ನಯವಾಗಿ 'ಯಾರಂತೆ?' ಎಂದು ಕೇಳಬಹುದು ಎಂಬ ನಿಯಮ ಬಂತು. ಅರ್ಧಕ್ಕರ್ಧ ವಾದಗಳು ಆ ಒಂದು ಪ್ರಶ್ನೆಗೇ ಕರಗುತ್ತಿದ್ದವು. ಅಂತೆಕಂತೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಆ ಪೆಟ್ಟು ತಿಂದ ಮೇಲೆ ನಾನು ಚಿಕ್ಕದರಿಂದ ಶುರು ಮಾಡಿದೆ. ಈಜು ಕಲಿಸುವವರು ಮೊದಲ ದಿನವೇ ಶರಾವತಿಯ ಮಡುವಿಗೆ ತಳ್ಳುವುದಿಲ್ಲ, ಊರ ಕೆರೆಯ ಮೆಟ್ಟಿಲ ಮೇಲೆ ಕಾಲು ಬಡಿಸುತ್ತಾರೆ. ನಮ್ಮ ಮೊದಲ ವಿಷಯ: ಆಟದ ಪೀರಿಯಡ್ಡಿನಲ್ಲಿ ಮೈದಾನವೆಲ್ಲ ಹುಡುಗರ ಕ್ರಿಕೆಟ್ಟಿಗೆ ಹೋಗುತ್ತದೆ, ಹುಡುಗಿಯರು ಮೂಲೆಯಲ್ಲಿ ಕುಂಟೆಬಿಲ್ಲೆ ಆಡಬೇಕಾಗುತ್ತದೆ. ಇದರಲ್ಲಿ ಕಾವು ಇದೆ, ಸುಡುವಷ್ಟಿಲ್ಲ. ಪ್ರತಿ ಮಗುವಿನ ಕೈಗೂ ಮೂರು ಹುಣಸೆ ಬೀಜ ಕೊಟ್ಟೆ, ಚೌಕಾಬಾರಕ್ಕೆ ಮನೆಮನೆಯಲ್ಲೂ ಇರುವಂಥವು. ಒಮ್ಮೆ ಮಾತಾಡಿದರೆ ಒಂದು ಬೀಜ ಮಧ್ಯದಲ್ಲಿ ಇಡಬೇಕು. ಮೂರೂ ಮುಗಿದರೆ ಇನ್ನು ಕೇಳುವುದೇ ಕೆಲಸ. ಬಾಯಿಬಡುಕರು ಮೊದಲ ಐದು ನಿಮಿಷದಲ್ಲೇ ದಿವಾಳಿಯಾದರು. ಆಮೇಲೆ ಆಡಿದ್ದೆಲ್ಲ ಅದುವರೆಗೆ ನಾನು ದನಿಯನ್ನೇ ಕೇಳದ ಮಕ್ಕಳು. ಎರಡನೆಯ ಸಲ ಬಾಯಿಬಡುಕರೂ ಬೀಜ ಜೋಪಾನ ಮಾಡತೊಡಗಿದರು. ಒಬ್ಬನಂತೂ ಮನೆಯಿಂದ ಹೆಚ್ಚುವರಿ ಬೀಜ ತಂದಿದ್ದ. ಸಿಕ್ಕಿಬಿದ್ದ.

ಆಮೇಲೆ, ಸುಮ್ಮನಿರುವುದು. ಈಗ ನಾನು ಮಾತು ನಿಲ್ಲಿಸಿದ್ದೆನಲ್ಲ, ಅದು ಮೂರು ಸೆಕೆಂಡು. ಅಷ್ಟರಲ್ಲಿ ಹಿಂದಿನ ಸಾಲಿನ ಇಬ್ಬರು ಮೊಬೈಲ್ ತೆಗೆದಿರಿ, ನನಗೆ ಕಾಣುತ್ತದೆ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಕೇಳಿ ಅಳತೆ ಮಾಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ತಾವಾಗಿ ಮಾತಾಡುತ್ತಾರೆ. 1970ರ ದಶಕದ ಮಾತು ಇದು. ಕಷ್ಟದ ಮಾತಿನಲ್ಲಂತೂ ಆ ಮೂರು ಸೆಕೆಂಡಿನಲ್ಲೇ ಎಲ್ಲ ಇರುತ್ತದೆ. ನಾನು ಸೀರೆಯ ಸೆರಗಿನ ತುದಿ ಹಿಡಿದು ಬೆರಳಲ್ಲಿ ಎಣಿಸುತ್ತಿದ್ದೆ.

ಎಲ್ಲಕ್ಕಿಂತ ಗಟ್ಟಿಯಾದ ನಿಯಮ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ಒಂದು ಭಾಷಣದಲ್ಲಿ ಸೂಚಿಸಿದ್ದು. ನಿಮ್ಮ ಮಾತು ಹೇಳುವ ಮೊದಲು ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಅವರು 'ಹೌದು, ನಾನು ಹೇಳಿದ್ದು ಅದೇ' ಎನ್ನುವವರೆಗೆ ನಿಮಗೆ ಮುಂದೆ ಹೋಗುವ ಹಾಗಿಲ್ಲ. ಕೇಳಲು ಸುಲಭ. ಮಾಡಿ ನೋಡಿ, ಗಂಟಲು ಒಣಗುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೊಟ್ಟೆಯ ಚರ್ಚೆ ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾಯಿತು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಟಿ.ವಿ.ಯಲ್ಲಿ ದಿನಗಟ್ಟಲೆ ಕಿರುಚಾಟ ನಡೆಯಿತು. ಮರುವರ್ಷ ಎಂಟನೆಯ ತರಗತಿಯವರೆಗೆ ರಾಜ್ಯದ ಎಲ್ಲ ಕಡೆಗೂ ಬಂತು. ನಮ್ಮ ಶಾಲೆಯಲ್ಲಿ ಎಂಟಕ್ಕೆ ಮೊಟ್ಟೆ, ಒಂಬತ್ತು ಹತ್ತಕ್ಕೆ ಇಲ್ಲ. ದೊಡ್ಡ ಹುಡುಗರಿಗೆ ಅದೇ ಒಂದು ಬೇಸರ. ಅವರಿಗೂ ಸಿಕ್ಕಿದ್ದು ಮತ್ತೊಂದು ವರ್ಷದ ಮೇಲೆ. ಎಂಟನೆಯ ತರಗತಿಯಲ್ಲಿ ಬೇರೆ ತಕರಾರು. ಮೊಟ್ಟೆ ತಿನ್ನದ ಕೆಲವರು ಊಟಕ್ಕೆ ಬೇರೆ ಸಾಲಿನಲ್ಲಿ ಕೂರತೊಡಗಿದ್ದರು. ಅಡುಗೆಯ ಅಕ್ಕ ನನ್ನ ಬಳಿ ಬಂದು 'ಮೇಡಂ, ಸಾಲು ಎರಡಾಯಿತು, ನೋಡಿ' ಎಂದರು. ಅವರ ದನಿಯಲ್ಲೇ ಎಲ್ಲ ಇತ್ತು.

ಮೊಟ್ಟೆ ಬೇಕೇ ಬೇಡವೇ ಎಂದು ನಾನು ಕೇಳಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. 'ಎಲ್ಲರೂ ಒಂದೇ ಸಾಲಿನಲ್ಲಿ ಕೂರಲು ಏನು ಮಾಡಬಹುದು?' ಎಂದು ಬರೆದೆ. ಒಬ್ಬ ಹುಡುಗ ಬೀಜ ಇಟ್ಟು ಹೇಳಿದ: 'ನನಗೆ ಅದರ ವಾಸನೆಗೆ ವಾಂತಿ ಬಂದ ಹಾಗಾಗುತ್ತದೆ. ಅದಕ್ಕೇ ದೂರ ಕೂರುತ್ತೇನೆ.' ಅವನಿಗೆ ಎದುರಾಗಿ ಮಾತಾಡಬೇಕಿದ್ದ ಹುಡುಗ ಕೋಪದಲ್ಲಿದ್ದ. ಆದರೆ ನಿಯಮ ನಿಯಮವೇ. ಮೊದಲು ಹೇಳಿದ: 'ನಿನಗೆ ನಮ್ಮನ್ನು ಕಂಡರೆ ಅಸಹ್ಯ, ಅದಕ್ಕೆ ದೂರ ಕೂರುತ್ತೀಯ.' 'ಅಲ್ಲ, ನಾನು ಹಾಗೆ ಹೇಳಲಿಲ್ಲ.' ಮತ್ತೆ ಹೇಳಬೇಕಾಯಿತು. 'ನಿನಗೆ ವಾಸನೆ ಆಗುವುದಿಲ್ಲ.' 'ಹೌದು. ಆಮೇಲೆ, ಒಂದೇ ಸಾಲಿನಲ್ಲಿ ಕೂತರೆ ನೀವು ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕುತ್ತೇವೆ ಎಂದು ನಗುತ್ತೀರಿ.' ಇದು ಅದುವರೆಗೆ ಹೊರಬಂದಿರಲಿಲ್ಲ. ಈಗ ಎರಡನೆಯವನ ಸರದಿ. ಅವನು ತಲೆ ತಗ್ಗಿಸಿ ಹೇಳಿದ: 'ನೀವು ಬೇರೆ ಕೂತಾಗ ನನಗೆ ನಮ್ಮ ತಾತ ಹೇಳುವುದು ನೆನಪಾಗುತ್ತದೆ. ಅವರನ್ನು ಹೋಟೆಲಿನ ಹೊರಗೆ ಕೂರಿಸುತ್ತಿದ್ದರಂತೆ.'

ಆಗ ಯಾರೂ 'ಯಾರಂತೆ?' ಎಂದು ಕೇಳಲಿಲ್ಲ.

ಮೊದಲನೆಯ ಹುಡುಗ ಆ ಮಾತನ್ನು ತಿರುಗಿ ಹೇಳಬೇಕಿತ್ತು. ಎರಡು ಸಲ ಶುರು ಮಾಡಿ ನಿಲ್ಲಿಸಿದ. ನಾನು ಸೆರಗು ಹಿಡಿದು ಎಣಿಸುತ್ತಲೇ ಇದ್ದೆ, ಮೂರಲ್ಲ, ಇಪ್ಪತ್ತು ದಾಟಿರಬೇಕು. 'ನಾನು ವಾಸನೆಗೆ ದೂರ ಕೂತರೂ ನಿನಗೆ ಅದು ಹೋಟೆಲಿನ ಹೊರಗೆ ಕೂರಿಸಿದ ಹಾಗೆ ಆಗುತ್ತದೆ' ಎಂದ. ಎರಡನೆಯವನು 'ಹೌದು' ಎಂದ. ಅಂದು ಒಪ್ಪಂದವೇನೂ ಆಗಲಿಲ್ಲ. ಒಂದು ವಾರ ಎರಡು ಸಾಲು ಹಾಗೆಯೇ ಇತ್ತು. ಆಮೇಲೆ ಒಂದು ದಿನ ಆ ಹುಡುಗ ಬಾಳೆಹಣ್ಣು ಹಿಡಿದುಕೊಂಡು ದೊಡ್ಡ ಸಾಲಿನ ತುದಿಯಲ್ಲಿ, ಕಿಟಕಿಯ ಪಕ್ಕ ಕುಳಿತ. ಕಿಟಕಿ ತೆರೆದಿತ್ತು. ಯಾರು ತೆರೆದಿಟ್ಟರೋ ನಾನು ವಿಚಾರಿಸಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಪಾತ್ರ ಏನು? ನಿರ್ಣಾಯಕರದ್ದಂತೂ ಅಲ್ಲ. ತಾಳಮದ್ದಳೆಯ ಭಾಗವತರನ್ನು ನೋಡಿ. ಅವರು ರಾಮನ ಪಕ್ಷವೂ ಅಲ್ಲ, ವಾಲಿಯ ಪಕ್ಷವೂ ಅಲ್ಲ. ಅರ್ಥಧಾರಿಗಳ ಮಾತು ಪಾತ್ರ ಬಿಟ್ಟು ವ್ಯಕ್ತಿಗೆ ತಗಲುವಂತಾದರೆ ಅವರು ಬುದ್ಧಿವಾದ ಹೇಳುವುದಿಲ್ಲ, ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಮದ್ದಳೆಗೆ ಪೆಟ್ಟು ಬಿದ್ದರೆ ಎಂಥ ಅರ್ಥಧಾರಿಯೂ ಸುಮ್ಮನಾಗಲೇಬೇಕು. ನಿಮಗೂ ಅಂಥ ಒಂದು ಪದ ಬೇಕು. ನನ್ನದು 'ಎಲ್ಲರೂ ಎದ್ದು ನೀರು ಕುಡಿದು ಬನ್ನಿ' ಎಂಬುದಾಗಿತ್ತು.

ಪೋರ್ಶನ್ ಮುಗಿಯುವುದಿಲ್ಲ ಎಂದು ನೀವು ಕೇಳುತ್ತೀರಿ ಎಂದು ಗೊತ್ತು. ಎಸ್.ಎಸ್.ಎಲ್.ಸಿ. ಫಲಿತಾಂಶದ ಸಭೆಯಲ್ಲಿ ನಾನೂ ಕುಳಿತಿದ್ದೇನೆ. ಹದಿನೈದು ದಿನಕ್ಕೆ ಒಂದು ಪೀರಿಯಡ್, ಅಷ್ಟೇ ನಾನು ಕದ್ದದ್ದು. ಸಂವಿಧಾನದ ಪಾಠದಲ್ಲಿ ವಿಧಿಗಳ ಸಂಖ್ಯೆಯನ್ನು 395 ಎಂದು ಬಾಯಿಪಾಠ ಮಾಡಿಸುತ್ತೇವೆ, ಅವು ಹೇಗೆ ಹುಟ್ಟಿದವು ಎಂದು ಹೇಳುತ್ತೇವೆಯೇ? ಸಂವಿಧಾನದ ಕರಡು ಪ್ರತಿಗೆ ಸಲ್ಲಿಕೆಯಾದ ತಿದ್ದುಪಡಿಗಳು ಸುಮಾರು 7,635, ಸಂವಿಧಾನ ರಚನಾ ಸಭೆಯಲ್ಲಿ ಮಂಡನೆಯಾದದ್ದು 2,473. ಈ ಲೆಕ್ಕ ಕೊಟ್ಟವರು ಅಂಬೇಡ್ಕರ್, 1949ರ ನವೆಂಬರ್ 25ರಂದು. ಅದೇ ಭಾಷಣದಲ್ಲಿ ಅವರು ತಮ್ಮನ್ನು ಬಿಡದೆ ಕಾಡಿದ ಸದಸ್ಯರನ್ನು ಹೆಸರಿಸಿ, ಈ ಬಂಡಾಯಗಾರರಿಗೆ ನಾನು ಕೃತಜ್ಞ ಎಂದರು. ಅವರ ಸಲಹೆಗಳನ್ನು ನಾನು ಒಪ್ಪಲಿಲ್ಲ ಎಂದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು. ಆ ಪಟ್ಟಿಯ ಮೊದಲ ಹೆಸರು ಕಾಮತ್, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಒಪ್ಪದವರಿಗೆ ಹೆಸರು ಹಿಡಿದು ಕೃತಜ್ಞತೆ! ನಮ್ಮ ಸಿಬ್ಬಂದಿ ಸಭೆಗಳಲ್ಲಿ ಇದನ್ನು ಊಹಿಸಿಕೊಳ್ಳಿ.

ಕಡೆಯದಾಗಿ ಒಂದು ಕಷ್ಟದ ಸಂಗತಿ. ಹತ್ತನೆಯ ತರಗತಿಯ ಒಬ್ಬಳಿಗೆ ಪಿಯುಸಿ ಓದುವ ಆಸೆ. ಕಾಲೇಜು ಇಪ್ಪತ್ತು ಕಿಲೋಮೀಟರ್ ದೂರ, ಬಸ್ ಎರಡೇ. ಅಪ್ಪ ಹುಡುಗನನ್ನು ನೋಡಲು ಶುರು ಮಾಡಿದ್ದರು. 'ಅಪ್ಪನಿಗೆ ಹೇಗೆ ಹೇಳಲಿ ಮೇಡಂ?' ಎಂದಳು. ಶಾಲೆ ಬಿಟ್ಟ ಮೇಲೆ ಇಬ್ಬರು ಗೆಳತಿಯರ ಜೊತೆ ಕುಳಿತೆವು, ಎರಡು ಕುರ್ಚಿ ಎದುರುಬದುರು. ನಾನು ಅವಳನ್ನು ಮೊದಲು ಮಗಳ ಕುರ್ಚಿಯಲ್ಲಿ ಕೂರಿಸಲಿಲ್ಲ. ಅಪ್ಪನ ಕುರ್ಚಿಯಲ್ಲಿ ಕೂರಿಸಿದೆ, ಗೆಳತಿ ಮಗಳಾದಳು. ಇವಳು ಮೊದಲು ಅಪ್ಪನ ಹಾಗೆ ಗದರಿದಳು, ಎಲ್ಲರೂ ನಕ್ಕರು. ಗೆಳತಿ ಬಿಡದೆ ಕೇಳಿದಾಗ, ಇವಳ ಬಾಯಿಂದಲೇ ಬಂತು: 'ಸಂಜೆ ಬಸ್ ತಪ್ಪಿ ನಿನಗೆ ಏನಾದರೂ ಆದರೆ ಊರವರು ನನ್ನನ್ನು ಬಿಡುತ್ತಾರಾ? ನಿನ್ನಮ್ಮನನ್ನು ಬಿಡುತ್ತಾರಾ?' ಹೇಳಿ ತಾನೇ ಬೆಚ್ಚಿದಳು. ಅಪ್ಪನಿಗೆ ಓದಿನ ಮೇಲೆ ಸಿಟ್ಟಿಲ್ಲ, ಸಂಜೆಯ ಬಸ್ಸಿನ ಭಯವಿದೆ ಎಂದು ಅವಳಿಗೆ ಆಗ ಹೊಳೆಯಿತು. ಮನೆಗೆ ಹೋಗಿ ಅವಳು ಆಡಿದ್ದು ಓದಿನ ಮಾತಲ್ಲ, ಹಾಸ್ಟೆಲಿನ ಮಾತು. ಮೊದಲ ದಿನ ಅಪ್ಪ ಎದ್ದು ತೋಟಕ್ಕೆ ಹೋದರು. ಮೂರನೆಯ ಬಾರಿಗೆ ಹಾಸ್ಟೆಲ್ ನೋಡಿ ಬರೋಣ ಎಂದರು. ಪಿಯುಸಿ ಮುಗಿಸಿದಳು. ಪದವಿಗೆ ಹೋಗಲಿಲ್ಲ, ಮದುವೆಯಾಯಿತು. ನನಗೆ ಇನ್ನಷ್ಟು ಆಸೆ ಇತ್ತು.

ಇದನ್ನು ಕೇಳಿ ಎಲ್ಲದಕ್ಕೂ ಮಾತೇ ಮದ್ದು ಎಂದುಕೊಳ್ಳಬೇಡಿ. ಹದಿನೆಂಟು ತುಂಬದ ಹುಡುಗಿಯ ಮದುವೆಗೆ ದಿನ ಗೊತ್ತಾಗಿದ್ದರೆ ಕುರ್ಚಿ ಹಾಕಿ ಅಭ್ಯಾಸ ಮಾಡಿಸುತ್ತ ಕೂರುವುದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ, ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಆರಂಭದಿಂದಲೇ ಅಸಿಂಧು. ಹೊಡೆಯುವ ಅಪ್ಪನ ಮುಂದೆ, ಮೈ ಮುಟ್ಟುವ ನೆಂಟನ ಮುಂದೆ ಮಗುವನ್ನು 'ಹದವಾಗಿ ಮಾತಾಡು' ಎಂದು ಕಳುಹಿಸುವವರು ಶಿಕ್ಷಕರಲ್ಲ. ಕಷ್ಟದ ಮಾತು ಯಾವುದು, ಅಪಾಯ ಯಾವುದು ಎಂದು ಬೇರ್ಪಡಿಸುವ ಕೆಲಸ ನಮ್ಮದು, ಮಗುವಿನದಲ್ಲ.

ನಿಮ್ಮಿಂದ ಚೀಟಿ ಬರೆಸಿ ನಾನು ಬರೆಯದಿದ್ದರೆ ಹೇಗೆ? ನನ್ನದು ಹಳೆಯ ಚೀಟಿ. ತವರಿನ ಅಡಿಕೆ ತೋಟದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ಕಾನೂನು ತಿದ್ದುಪಡಿಯಾದಾಗ ಅದನ್ನು ಅದೇ ವಾರ ತರಗತಿಯಲ್ಲಿ ಪಾಠ ಮಾಡಿದವಳು ನಾನು. ನನ್ನ ಅಣ್ಣನ ಮುಂದೆ ಆ ಮಾತು ಎತ್ತಲು ನನಗೆ ಹದಿಮೂರು ವರ್ಷ ಬೇಕಾಯಿತು. ಅದೂ ನಾನಾಗಿ ಎತ್ತಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದವಳು, ಎರಡು ಕುರ್ಚಿ ಎಳೆದು, 'ಮೇಡಂ, ನೀವು ಅಣ್ಣನ ಕುರ್ಚಿಯಲ್ಲಿ ಕೂತುಕೊಳ್ಳಿ' ಎಂದಳು. ಯಾರೆಂದು ಊಹಿಸಿದಿರಾ? ಕಾಫಿಯ ತಟ್ಟೆ ಹಿಡಿದು ನಿಂತಿದ್ದವಳು.

ಇನ್ನು ನನ್ನ ಬೀಜ ಮುಗಿಯಿತು. ಮುಂದಿನ ಸಾಲಿನವರು ಬೆಂಚು ಹಿಂದಕ್ಕೆ ತಿರುಗಿಸಿ. ಎದುರಿಗೆ ಯಾರು ಸಿಗುತ್ತಾರೋ ಅವರೇ ನಿಮ್ಮ ಜೋಡಿ, ಗೆಳತಿಯನ್ನು ಹುಡುಕಿಕೊಂಡು ಹೋಗಬೇಡಿ. ಚೀಟಿ ತೆಗೆಯಿರಿ. ಅದರಲ್ಲಿರುವ ಮಾತನ್ನು ಹೇಳಲು ಮನಸ್ಸಿಲ್ಲದಿದ್ದರೆ ಸಣ್ಣದೊಂದನ್ನು ಬರೆದುಕೊಳ್ಳಿ, ಬಾಡಿಗೆ ಮನೆಯ ಓನರ್‌ಗೆ ನಲ್ಲಿ ರಿಪೇರಿ ಹೇಳುವುದಾದರೂ ಆದೀತು. ಯಾರಿಗೆ ಹೇಳಬೇಕಿತ್ತೋ ಅವರ ಕುರ್ಚಿಯಲ್ಲಿ ಮೊದಲು ನೀವು ಕೂರಬೇಕು. ಕಿಟಕಿಯ ಕಡೆಯವರು ಶುರು ಮಾಡಿ. ಹತ್ತು ನಿಮಿಷ. ಗಂಟೆ ನಾನು ಹೊಡೆಯುವುದಿಲ್ಲ.